ಎಚ್‌ಟಿಟಿಪಿ/1.1ರಿಂದ ಮುಂದಿನ ಆವೃತ್ತಿಗೆ: ಒಂದು ಸಾಲಿನ ಬದಲಾವಣೆಯೂ ಅದರ ಸುತ್ತಲಿನ ಕೆಲಸವೂ

ಪ್ರಶ್ನೆ: ನಮ್ಮ ಜಾಲತಾಣ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರಿನಲ್ಲಿ, ಬ್ರೌಸರ್ ಮತ್ತು ಸರ್ವರ್ ಮಾತನಾಡುವ ಭಾಷೆಯಾದ ಎಚ್‌ಟಿಟಿಪಿಯ 1.1 ಆವೃತ್ತಿಯ ಮೂಲಕ ನಡೆಯುತ್ತಿದೆ. ಸಂಪರ್ಕವನ್ನು ಗೂಢಲಿಪಿಗೆ ಬದಲಿಸುವ ಟಿಎಲ್‌ಎಸ್‌ನ ಪ್ರಮಾಣಪತ್ರ ಈಗಾಗಲೇ ಇದೆ, ಎಂಜಿನ್‌ಎಕ್ಸ್ ಹಿಂದೆ ಒಂದು ಅಪ್ಲಿಕೇಶನ್ ಸರ್ವರ್ ಇದೆ. ನಾವು ಎಚ್‌ಟಿಟಿಪಿ/2ಕ್ಕೆ ಹೋಗಬೇಕೋ ಅಥವಾ ನೇರವಾಗಿ ಎಚ್‌ಟಿಟಿಪಿ/3ಕ್ಕೇ ಹೋಗಬಹುದೋ? ಹಳೆಯ ಬ್ರೌಸರ್ ಬಳಸುವವರಿಗೆ ತೊಂದರೆ ಆಗುತ್ತದೆಯೇ? ಅಪ್ಲಿಕೇಶನ್ನಿನ ಕೋಡ್ ಮುಟ್ಟಬೇಕೇ? ಕಾನ್ಫಿಗರೇಶನ್ ಕಡತದಲ್ಲಿ ಒಂದು ಸಾಲು ಸೇರಿಸಿದರೆ ಸಾಕು ಎನ್ನುತ್ತಾರಲ್ಲ, ಅದು ನಿಜವೇ?

ಉತ್ತರ: ಸಾಲು ಒಂದೇ ಎಂಬುದು ನಿಜ. ಆದರೆ ಆ ಸಾಲನ್ನು ಬರೆಯುವ ಮೊದಲು ನೋಡಬೇಕಾದದ್ದು ಮತ್ತು ಬರೆದ ನಂತರ ಅಳೆಯಬೇಕಾದದ್ದು ಬೇರೆಯೇ ಇದೆ. ನಿಮ್ಮ ಸ್ಥಿತಿಯಲ್ಲಿ ನಾನು ಈಗ ಎಚ್‌ಟಿಟಿಪಿ/2ನ್ನು ಚಾಲೂ ಮಾಡಿ, ಕೆಲವು ವಾರ ಲಾಗ್‌ಗಳನ್ನು ಗಮನಿಸಿ, ಎಚ್‌ಟಿಟಿಪಿ/3ನ್ನು ಅದರ ನಂತರದ ಪ್ರತ್ಯೇಕ ಕೆಲಸವಾಗಿ ಕೈಗೆತ್ತಿಕೊಳ್ಳುತ್ತೇನೆ. ಎರಡನ್ನೂ ಒಂದೇ ದಿನ ಮಾಡಿದರೆ, ಏನಾದರೂ ಕೆಟ್ಟಾಗ ಯಾವುದರಿಂದ ಕೆಟ್ಟಿತು ಎಂದು ಹೇಳಲು ಆಗುವುದಿಲ್ಲ. ಎಚ್‌ಟಿಟಿಪಿ/1.1ನ್ನು ಮಾತ್ರ ಯಾವ ಹಂತದಲ್ಲೂ ತೆಗೆಯಬೇಡಿ.

‘ಅಪ್‌ಗ್ರೇಡ್’ ಎಂಬ ಪದವೇ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಡೇಟಾಬೇಸನ್ನು ಹೊಸ ಆವೃತ್ತಿಗೆ ಏರಿಸಿದರೆ ಹಳೆಯದು ಹೋಗಿ ಹೊಸದು ಬರುತ್ತದೆ, ಆದರೆ ಎಚ್‌ಟಿಟಿಪಿಯಲ್ಲಿ ಹಾಗಿಲ್ಲ. ಸರ್ವರ್ ತನಗೆ ಬರುವ ಭಾಷೆಗಳ ಪಟ್ಟಿಗೆ ಇನ್ನೊಂದನ್ನು ಸೇರಿಸಿಕೊಳ್ಳುತ್ತದೆ, ಪ್ರತಿ ಸಂಪರ್ಕದಲ್ಲೂ ಯಾವ ಭಾಷೆ ಎಂಬುದು ಮಾತುಕತೆಯಿಂದ ತೀರ್ಮಾನವಾಗುತ್ತದೆ. ಬ್ರೌಸರ್ ಟಿಎಲ್‌ಎಸ್ ಸಂಪರ್ಕಕ್ಕಾಗಿ ಕಳಿಸುವ ಮೊದಲ ಸಂದೇಶದಲ್ಲಿಯೇ, ಎಎಲ್‌ಪಿಎನ್ ಎಂಬ ವಿಸ್ತರಣೆಯ ಮೂಲಕ, ತನಗೆ ಎಚ್‌ಟಿಟಿಪಿ/2 ಮತ್ತು 1.1 ಎರಡೂ ಗೊತ್ತು ಎಂದು ತಿಳಿಸುತ್ತದೆ. ಸರ್ವರ್ ಅವುಗಳಲ್ಲಿ ಒಂದನ್ನು ಆರಿಸಿ ಉತ್ತರಿಸುತ್ತದೆ. ಇದಕ್ಕೆ ಹೆಚ್ಚುವರಿ ಸುತ್ತು (ಸರ್ವರಿಗೆ ಹೋಗಿ ಬರುವ ಪಯಣ) ಬೇಕಿಲ್ಲ. ಹಳೆಯ ಬ್ರೌಸರ್ ಎಚ್‌ಟಿಟಿಪಿ/2ರ ಹೆಸರನ್ನೇ ಎತ್ತುವುದಿಲ್ಲವಾದ್ದರಿಂದ ಅದಕ್ಕೆ 1.1ರಲ್ಲೇ ಉತ್ತರ ಹೋಗುತ್ತದೆ. ಆದ್ದರಿಂದ ಹಳೆಯ ಬ್ರೌಸರುಗಳ ಬಗ್ಗೆ ಚಿಂತೆ ಬೇಡ. ಪ್ರಮಾಣಕ ಟಿಎಲ್‌ಎಸ್ ಇಲ್ಲದ ಎಚ್‌ಟಿಟಿಪಿ/2ಕ್ಕೂ ಅವಕಾಶ ಕೊಟ್ಟಿದೆ, ಆದರೆ ಮುಖ್ಯ ಬ್ರೌಸರುಗಳು ಯಾವುವೂ ಅದನ್ನು ಒಪ್ಪುವುದಿಲ್ಲ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ನಿಮ್ಮಲ್ಲಿ ಟಿಎಲ್‌ಎಸ್ ಎಲ್ಲಿ ಕೊನೆಗೊಳ್ಳುತ್ತದೆ, ಅಂದರೆ ಗೂಢಲಿಪಿಯನ್ನು ಎಲ್ಲಿ ಬಿಚ್ಚಲಾಗುತ್ತದೆ? ಎಂಜಿನ್‌ಎಕ್ಸ್ ಮುಂದೆ ಲೋಡ್ ಬ್ಯಾಲೆನ್ಸರ್ (ಕೋರಿಕೆಗಳನ್ನು ಹಲವು ಸರ್ವರುಗಳಿಗೆ ಹಂಚುವ ವ್ಯವಸ್ಥೆ) ಅಥವಾ ಸಿಡಿಎನ್ (ಬಳಕೆದಾರರ ಹತ್ತಿರದಿಂದ ಕಡತ ಕೊಡುವ ಸರ್ವರ್ ಜಾಲ) ಇದ್ದು, ಪ್ರಮಾಣಪತ್ರ ಅಲ್ಲಿಯೇ ಇದ್ದರೆ, ಬ್ರೌಸರಿನೊಂದಿಗೆ ಮಾತುಕತೆ ನಡೆಸುವುದು ಅದೇ ಹೊರತು ನಿಮ್ಮ ಎಂಜಿನ್‌ಎಕ್ಸ್ ಅಲ್ಲ; ನೀವು ಇಲ್ಲಿ ಎಷ್ಟು ಸಾಲು ಸೇರಿಸಿದರೂ ಹೊರಗೆ ಏನೂ ಬದಲಾಗುವುದಿಲ್ಲ. ಇದರ ಇನ್ನೊಂದು ಮುಖ ಹೆಚ್ಚು ಕಿರುಕುಳದ್ದು. ಮುಂದಿರುವ ಇಂಥ ಮಧ್ಯವರ್ತಿ (ಪ್ರಾಕ್ಸಿ) ‘ನನಗೆ ಎಚ್‌ಟಿಟಿಪಿ/2 ಗೊತ್ತು’ ಎಂದು ಬ್ರೌಸರಿಗೆ ಹೇಳಿ, ಟಿಎಲ್‌ಎಸ್ ಬಿಚ್ಚಿದ ಬೈಟ್‌ಗಳನ್ನು ಹಾಗೆಯೇ ಹಿಂದಿನ 1.1 ಸರ್ವರಿಗೆ ತಳ್ಳಿದರೆ, ಆಕ್ಸೆಸ್ ಲಾಗ್‌ನಲ್ಲಿ ‘ಪಿಆರ್‌ಐ’ ಎಂಬ ವಿಚಿತ್ರ ಮೆಥಡ್ ಕಾಣಿಸಿಕೊಂಡು, ಪಕ್ಕದಲ್ಲಿ 400 ಎಂಬ ದೋಷ ಸಂಖ್ಯೆ ಇರುತ್ತದೆ. ಅದನ್ನು ಕಂಡು ಹಲವರು ಯಾರೋ ದಾಳಿ ಮಾಡುತ್ತಿದ್ದಾರೆ ಎಂದು ಗಾಬರಿಯಾಗುತ್ತಾರೆ. ವಾಸ್ತವದಲ್ಲಿ ಅದು ಎಚ್‌ಟಿಟಿಪಿ/2 ಸಂಪರ್ಕ ಆರಂಭವಾಗುವಾಗ ಬ್ರೌಸರ್ ಕಳಿಸುವ 24 ಬೈಟ್‌ಗಳ ಪೀಠಿಕೆ. ಹೊಸ ಭಾಷೆ ಅರಿಯದ ಸರ್ವರ್ ಅದನ್ನು ಅರ್ಧಂಬರ್ಧ ಅರ್ಥಮಾಡಿಕೊಂಡು ಮುಂದುವರಿಯದೆ ತಕ್ಷಣ ನಿರಾಕರಿಸಲಿ ಎಂದೇ ಅದನ್ನು ಹಾಗೆ ರೂಪಿಸಲಾಗಿದೆ.

ಟಿಎಲ್‌ಎಸ್ ನಿಮ್ಮ ಎಂಜಿನ್‌ಎಕ್ಸ್‌ನಲ್ಲೇ ಕೊನೆಗೊಳ್ಳುತ್ತದೆ ಎಂದುಕೊಂಡು ಮುಂದುವರಿಯುತ್ತೇನೆ. ಎಚ್‌ಟಿಟಿಪಿ/2ಕ್ಕೆ ಕನಿಷ್ಠ ಟಿಎಲ್‌ಎಸ್ 1.2 ಬೇಕು, ಟಿಎಲ್‌ಎಸ್ ಕೆಲಸ ನಡೆಸುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶ 1.0.2 ಅಥವಾ ಅದಕ್ಕಿಂತ ಹೊಸದಾಗಿರಬೇಕು, ಏಕೆಂದರೆ ಎಎಲ್‌ಪಿಎನ್ ಬಂದದ್ದು ಆ ಆವೃತ್ತಿಯಲ್ಲಿ. ಇದಕ್ಕಿಂತ ಹೆಚ್ಚು ಜನ ಎಡವುವುದು ಸೈಫರ್ (ಗೂಢಲಿಪಿ ವಿಧಾನ) ಪಟ್ಟಿಯಲ್ಲಿ. ಪ್ರಮಾಣಕದ ಅನುಬಂಧದಲ್ಲಿ ನಿಷೇಧಿತ ಸೈಫರುಗಳ ಉದ್ದನೆಯ ಪಟ್ಟಿಯೇ ಇದೆ. ಸಿಬಿಸಿ ವಿಧಾನದವೂ, ತಾತ್ಕಾಲಿಕ ಕೀಲಿ ವಿನಿಮಯ ಇಲ್ಲದವೂ ಅದರಲ್ಲಿ ಸೇರಿವೆ. ಯಾವುದೋ ಕಾಲದಲ್ಲಿ ಎಲ್ಲಿಂದಲೋ ನಕಲು ಮಾಡಿ ಅಂಟಿಸಿದ ಸೈಫರ್ ಸಾಲು ನಿಮ್ಮ ಕಡತದಲ್ಲಿದ್ದು, ಅದರ ಆದ್ಯತೆಯ ತುದಿಯಲ್ಲಿ ಇಂಥದ್ದೊಂದು ಕುಳಿತಿದ್ದರೆ, ಎಚ್‌ಟಿಟಿಪಿ/2 ಚಾಲೂ ಮಾಡಿದ ಕ್ಷಣದಿಂದ ಕೆಲವು ಬ್ರೌಸರುಗಳು ಭದ್ರತೆ ಸಾಲದು ಎಂದು ಸಂಪರ್ಕವನ್ನೇ ಕಡಿಯುತ್ತವೆ. ನಿನ್ನೆಯವರೆಗೆ ಸರಿಯಾಗಿದ್ದ ತಾಣ ಇಂದು ತೆರೆಯುವುದೇ ಇಲ್ಲ ಎಂಬ ದೂರು ಬಂದರೆ ಮೊದಲು ನೋಡಬೇಕಾದ ಜಾಗ ಇದು.

ಇನ್ನು ಆ ಸಾಲಿನ ವಿಷಯ. ಎಂಜಿನ್‌ಎಕ್ಸ್‌ಗೆ ಎಚ್‌ಟಿಟಿಪಿ/2 ಬಂದದ್ದು 2015ರ ಸೆಪ್ಟೆಂಬರಿನ 1.9.5 ಆವೃತ್ತಿಯಲ್ಲಿ. ಆಗಿನಿಂದ, ಯಾವ ಪೋರ್ಟಿನಲ್ಲಿ ಕೇಳಬೇಕೆಂದು ಹೇಳುವ ‘ಲಿಸನ್’ ಸಾಲಿನ ಕೊನೆಗೆ ಅದರ ಹೆಸರು ಸೇರಿಸುವುದು ರೂಢಿಯಾಗಿತ್ತು. 2023ರ 1.25.1 ಆವೃತ್ತಿಯಿಂದ ಆ ರೂಢಿಯನ್ನು ಹಿಂದಕ್ಕೆ ಸರಿಸಿ, ಅದನ್ನು ಪ್ರತ್ಯೇಕವಾಗಿ ‘ಆನ್’ ಮಾಡುವ ನಿರ್ದೇಶನ ತಂದಿದ್ದಾರೆ. ಇದು ಬರಿಯ ಬರವಣಿಗೆಯ ವ್ಯತ್ಯಾಸವಲ್ಲ. ಹಳೆಯ ಪದ್ಧತಿಯಲ್ಲಿ ಒಂದು ಸರ್ವರ್ ಬ್ಲಾಕ್‌ನಲ್ಲಿ (ಕಡತದಲ್ಲಿ ಒಂದು ತಾಣದ ಭಾಗದಲ್ಲಿ) ಸೇರಿಸಿದರೂ ಅದೇ ವಿಳಾಸ ಮತ್ತು ಪೋರ್ಟ್ ಹಂಚಿಕೊಂಡ ಎಲ್ಲ ತಾಣಗಳಿಗೂ ಅನ್ವಯವಾಗುತ್ತಿತ್ತು. ಹೊಸದರಲ್ಲಿ ಒಂದೊಂದು ತಾಣಕ್ಕೆ ಬೇರೆಬೇರೆಯಾಗಿ ತೀರ್ಮಾನಿಸಬಹುದು. ಒಂದೇ ಯಂತ್ರದಲ್ಲಿ ಹತ್ತು ತಾಣಗಳಿದ್ದು, ಮೊದಲು ಒಂದರಲ್ಲಿ ಪ್ರಯೋಗ ಮಾಡಿ ನೋಡುವ ಆಸೆಯಿದ್ದರೆ ಹೊಸ ಆವೃತ್ತಿಯೇ ಬೇಕು. ಅಪಾಚೆ ಎಂಬ ಇನ್ನೊಂದು ವೆಬ್ ಸರ್ವರ್ ಬಳಸುವವರು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು: 2.4.27ರಿಂದ ಈಚೆಗೆ ಪ್ರಿಫೋರ್ಕ್ (ಪ್ರತಿ ಸಂಪರ್ಕಕ್ಕೂ ಒಂದು ಪ್ರಕ್ರಿಯೆ) ವಿಧಾನದಲ್ಲಿ ಎಚ್‌ಟಿಟಿಪಿ/2 ಕೆಲಸ ಮಾಡುವುದಿಲ್ಲ. ಪಿಎಚ್‌ಪಿಯನ್ನು ಅಪಾಚೆಯ ಒಳಗೇ ಮಾಡ್ಯೂಲ್ ಆಗಿ ನಡೆಸುತ್ತಿದ್ದರೆ, ಮೊದಲು ಅದನ್ನು ಎಫ್‌ಪಿಎಂಗೆ (ಪಿಎಚ್‌ಪಿಯನ್ನು ಪ್ರತ್ಯೇಕವಾಗಿ ನಡೆಸುವ ಸೇವೆಗೆ) ಸರಿಸಿ, ಈವೆಂಟ್ ವಿಧಾನಕ್ಕೆ ಹೋಗಬೇಕು. ಅಲ್ಲಿ ಪ್ರೋಟೊಕಾಲ್ ಬದಲಾವಣೆಗಿಂತ ಈ ಸ್ಥಳಾಂತರವೇ ದೊಡ್ಡ ಕೆಲಸ.

ವೇಗ ಎಷ್ಟು ಹೆಚ್ಚುತ್ತದೆ ಎಂಬುದು ನಿಮ್ಮ ಪುಟ ಹೇಗಿದೆ ಎಂಬುದರ ಮೇಲೆ ನಿಂತಿದೆ. ಒಂದು ಪುಟಕ್ಕೆ 80 ಸಣ್ಣ ಕಡತಗಳು ಬೇಕು, ಬಳಕೆದಾರರಿಂದ ಸರ್ವರಿಗೆ ಹೋಗಿ ಬರಲು 100 ಮಿಲಿಸೆಕೆಂಡ್ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. 1.1ರಲ್ಲಿ ಬ್ರೌಸರ್ ಸಾಮಾನ್ಯವಾಗಿ ಒಂದು ಹೋಸ್ಟ್‌ಗೆ 6 ಸಂಪರ್ಕ ತೆರೆಯುತ್ತದೆ, ಒಂದೊಂದರಲ್ಲೂ ಒಂದು ಸಲಕ್ಕೆ ಒಂದೇ ಕೋರಿಕೆ. 80 ಕೋರಿಕೆಗಳಿಗೆ 14 ಸುತ್ತು ಬೇಕು, ಅಂದರೆ ಬರಿಯ ಕಾಯುವಿಕೆಯೇ 1.4 ಸೆಕೆಂಡ್. ಎಚ್‌ಟಿಟಿಪಿ/2ರಲ್ಲಿ ಒಂದೇ ಸಂಪರ್ಕದ ಮೇಲೆ 80 ಕೋರಿಕೆಗಳೂ ಸ್ಟ್ರೀಮ್‌ಗಳಾಗಿ (ಪ್ರತ್ಯೇಕ ಹರಿವುಗಳಾಗಿ) ಒಟ್ಟಿಗೆ ಹೊರಡುತ್ತವೆ; ಎಂಜಿನ್‌ಎಕ್ಸ್ ತಾನಾಗಿ 128 ಸ್ಟ್ರೀಮ್‌ಗಳವರೆಗೆ ಏಕಕಾಲಕ್ಕೆ ಒಪ್ಪುತ್ತದೆ. ಜೊತೆಗೆ ಪ್ರತಿ ಕೋರಿಕೆಯಲ್ಲೂ ಮರುಕಳಿಸುವ ಕುಕಿ ಮುಂತಾದ ಹೆಡರುಗಳನ್ನು (ಕೋರಿಕೆಯ ಜೊತೆ ಹೋಗುವ ವಿವರಗಳನ್ನು) ಎಚ್‌ಪ್ಯಾಕ್ ಎಂಬ ಸಂಕೋಚನ ಪದ್ಧತಿ ಎರಡನೆಯ ಸಲದಿಂದ ಕೆಲವೇ ಬೈಟ್‌ಗಳಿಗೆ ಇಳಿಸುತ್ತದೆ. ಇಂಥ ಪುಟದಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಆದರೆ ನಿಮ್ಮ ಮೂಲ ಪುಟವೇ ಡೇಟಾಬೇಸಿನಿಂದ ತಯಾರಾಗಿ ಬರಲು 900 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತಿದ್ದರೆ, ಯಾವ ಪ್ರೋಟೊಕಾಲೂ ಅದನ್ನು ಕಡಿಮೆ ಮಾಡಲಾರದು.

ಒಂದು ಎಚ್ಚರಿಕೆಯೂ ಇದೆ. ಎಚ್‌ಟಿಟಿಪಿ/2ರ ಎಲ್ಲ ಸ್ಟ್ರೀಮ್‌ಗಳೂ ಒಂದೇ ಟಿಸಿಪಿ (ಪ್ಯಾಕೆಟ್‌ಗಳನ್ನು ಕ್ರಮವಾಗಿ ತಲುಪಿಸುವ ಸಾಗಣೆ) ಸಂಪರ್ಕದಲ್ಲಿ ಸಾಗುತ್ತವೆ. ಟಿಸಿಪಿಗೆ ಸ್ಟ್ರೀಮ್ ಎಂದರೇನೆಂದು ತಿಳಿಯದು. ನಡುವೆ ಒಂದು ಪ್ಯಾಕೆಟ್ ಕಳೆದರೆ ಅದು ಮರಳಿ ಬರುವವರೆಗೆ ಹಿಂದಿನದೆಲ್ಲವನ್ನೂ ತಡೆದು ನಿಲ್ಲಿಸುತ್ತದೆ. 1.1ರಲ್ಲಿ ಆರರಲ್ಲಿ ಒಂದು ಸಂಪರ್ಕ ಮಾತ್ರ ನಿಲ್ಲುತ್ತಿತ್ತು, ಇಲ್ಲಿ ಇಡೀ ಪುಟವೇ ನಿಲ್ಲುತ್ತದೆ. ಪ್ಯಾಕೆಟ್ ನಷ್ಟ ಹೆಚ್ಚಿರುವ ಮೊಬೈಲ್ ಜಾಲಗಳಲ್ಲಿ ಎಚ್‌ಟಿಟಿಪಿ/2 ಹಳೆಯದಕ್ಕಿಂತ ನಿಧಾನವಾಗುವುದೂ ಉಂಟು.

ಅಪ್ಲಿಕೇಶನ್ನಿನ ಕೋಡ್ ಬದಲಿಸಬೇಕಿಲ್ಲ, ಆದರೆ ಅದರ ಸುತ್ತ ಕಟ್ಟಿಕೊಂಡ ಊಹೆಗಳನ್ನು ಬದಲಿಸಬೇಕಾಗಬಹುದು. ನಾನೇ ಎಡವಿದ ಒಂದು ಪ್ರಸಂಗ ಹೇಳುತ್ತೇನೆ. ಚಿತ್ರಗಳ ಸಂಗ್ರಹವಿದ್ದ ಒಂದು ತಾಣಕ್ಕೆ ಎಚ್‌ಟಿಟಿಪಿ/2 ಚಾಲೂ ಮಾಡಿದ ದಿನವೇ, ಪುಟದ ಮೊದಲ ಹತ್ತು ಚಿತ್ರಗಳು ಬಂದು ಉಳಿದವು ಮುರಿದ ಚೌಕಗಳಾಗಿ ಕಾಣತೊಡಗಿದವು. ಎರರ್ ಲಾಗ್ ತೆರೆದರೆ 503ರ ಸಾಲುಗಳು. ಒಂದು ಐಪಿ ವಿಳಾಸಕ್ಕೆ ಏಕಕಾಲಕ್ಕೆ 10 ಸಂಪರ್ಕ ಎಂಬ ಮಿತಿಯನ್ನು ಹಿಂದೆಂದೋ ಹಾಕಿಟ್ಟು ನಾನೇ ಮರೆತಿದ್ದೆ. ಬ್ರೌಸರ್ 6 ಸಂಪರ್ಕ ದಾಟದ ಕಾಲದಲ್ಲಿ ಅದು ಯಾರಿಗೂ ತಗುಲಿರಲಿಲ್ಲ. ಎಚ್‌ಟಿಟಿಪಿ/2ರಲ್ಲಿ ಎಂಜಿನ್‌ಎಕ್ಸ್ ಆ ಮಿತಿಗಾಗಿ ಪ್ರತಿ ಏಕಕಾಲಿಕ ಕೋರಿಕೆಯನ್ನೂ ಒಂದು ಸಂಪರ್ಕವೆಂದೇ ಎಣಿಸುತ್ತದೆ ಎಂಬುದು ಅದರ ದಾಖಲೆಯಲ್ಲೇ ಬರೆದಿದೆ. ನಾನು ಓದಿರಲಿಲ್ಲ, ಅಷ್ಟೆ. ಕೋರಿಕೆಗಳ ದರಕ್ಕೆ ಹಾಕಿದ ಮಿತಿಗೂ ಇದೇ ಗತಿ. ಮೊದಲು ಆರಾರಾಗಿ ಹನಿಯುತ್ತಿದ್ದ ಕೋರಿಕೆಗಳು ಈಗ ಒಂದೇ ಏಟಿಗೆ ಸುರಿಯುತ್ತವೆ. ಇದೇ ಕಾರಣಕ್ಕೆ, ಒಂದು ಪುಟ ಮೂವತ್ತು ಎಪಿಐ ಕರೆ ಮಾಡುವಂತಿದ್ದರೆ, ಅವೆಲ್ಲವೂ ಕೂಡಿ ನಿಮ್ಮ ಅಪ್ಲಿಕೇಶನ್ ಸರ್ವರಿನ ಎಲ್ಲ ವರ್ಕರುಗಳನ್ನೂ ಒಬ್ಬನೇ ಬಳಕೆದಾರನಿಗಾಗಿ ಹಿಡಿದಿಡಬಹುದು. ಬ್ರೌಸರಿನ ಆರು ಸಂಪರ್ಕಗಳ ಮಿತಿ ಇಷ್ಟು ಕಾಲ ಯಾರೂ ಬೇಡದೆ ನಿಮ್ಮ ಸರ್ವರನ್ನು ಕಾಯುತ್ತಿತ್ತು.

ಹೆಡರುಗಳ ಹೆಸರು ಎಚ್‌ಟಿಟಿಪಿ/2ರಲ್ಲಿ ಕಡ್ಡಾಯವಾಗಿ ಸಣ್ಣ ಅಕ್ಷರಗಳಲ್ಲೇ ಇರುತ್ತದೆ. ಹೆಡರಿನ ಹೆಸರಿಗೆ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ ಎಂದು 1.1ರ ಪ್ರಮಾಣಕವೂ ಹೇಳುತ್ತಿತ್ತು, ಆದರೆ ಹೆಸರನ್ನು ಅಕ್ಷರಶಃ ಹೋಲಿಸುವ ಸ್ಕ್ರಿಪ್ಟ್‌ಗಳಿಗೇನೂ ಕೊರತೆಯಿಲ್ಲ. ನಿಮ್ಮ ಎಪಿಐಯನ್ನು ಬಳಸುವ ಮೊಬೈಲ್ ಆ್ಯಪ್ ಅಥವಾ ವರದಿ ತೆಗೆಯುವ ಪ್ರೋಗ್ರಾಮ್ ಹಾಗೆ ಬರೆದಿದ್ದರೆ, ಹೆಡರ್ ಬಂದಿದ್ದರೂ ಅದಕ್ಕೆ ಕಾಣುವುದಿಲ್ಲ. 200ರ ಪಕ್ಕದಲ್ಲಿ ಬರುತ್ತಿದ್ದ ‘ಓಕೆ’ ಎಂಬ ಪದವೂ ಇಲ್ಲ, ಸಂಖ್ಯೆ ಮಾತ್ರ. ‘ಕನೆಕ್ಷನ್’, ‘ಟ್ರಾನ್ಸ್‌ಫರ್-ಎನ್‌ಕೋಡಿಂಗ್’ ಹೆಡರುಗಳಿಗೆ ಇಲ್ಲಿ ಜಾಗವಿಲ್ಲ. ಸಾಮಾನ್ಯವಾಗಿ ಎಂಜಿನ್‌ಎಕ್ಸ್ ಅವನ್ನು ನಿಭಾಯಿಸುತ್ತದೆ.

1.1ನ್ನು ತೆಗೆಯಬೇಡಿ ಎಂದೆನಲ್ಲ, ಅದಕ್ಕೆ ಹಳೆಯ ಬ್ರೌಸರುಗಳಷ್ಟೇ ಕಾರಣವಲ್ಲ. ವೆಬ್‌ಸಾಕೆಟ್ (ಎರಡೂ ಕಡೆಯಿಂದ ಸಂದೇಶ ಕಳಿಸಬಲ್ಲ ತೆರೆದ ಸಂಪರ್ಕ) ಬಳಸುತ್ತಿದ್ದರೆ ಬ್ರೌಸರ್ ಅದಕ್ಕಾಗಿ ಇಂದಿಗೂ ಬಹುತೇಕ ಪ್ರತ್ಯೇಕವಾದ 1.1 ಸಂಪರ್ಕವನ್ನೇ ತೆರೆಯುತ್ತದೆ; ಎಚ್‌ಟಿಟಿಪಿ/2ರ ಮೇಲೆಯೇ ಅದನ್ನು ನಡೆಸುವ ವಿಧಾನ 2018ರಲ್ಲಿ ಪ್ರಮಾಣಕವಾದರೂ ಎಲ್ಲ ಸರ್ವರುಗಳು ಅದನ್ನು ಒಪ್ಪಿಲ್ಲ. ಇನ್ನು ತಾಣದ ಒಂದು ವಿಭಾಗಕ್ಕೆ ಮಾತ್ರ ಕ್ಲೈಂಟ್ ಪ್ರಮಾಣಪತ್ರ (ಬಳಕೆದಾರರ ಗುರುತಿನ ಪ್ರಮಾಣಪತ್ರ) ಕೇಳುವ ವ್ಯವಸ್ಥೆ ಇದ್ದರೆ ಅದು ಕೆಡುತ್ತದೆ. ಸಂಪರ್ಕದ ನಡುವೆ ಟಿಎಲ್‌ಎಸ್ ಮರುಮಾತುಕತೆಯನ್ನು ಎಚ್‌ಟಿಟಿಪಿ/2 ನಿಷೇಧಿಸಿದೆ. ಅಂಥ ವಿಭಾಗವನ್ನು ಬೇರೊಂದು ಹೋಸ್ಟ್ ಹೆಸರಿಗೆ ಸರಿಸಿ, ಆರಂಭದಲ್ಲೇ ಪ್ರಮಾಣಪತ್ರ ಕೇಳುವುದು ಸರಿಯಾದ ದಾರಿ.

ಎಂಜಿನ್‌ಎಕ್ಸ್‌ನಿಂದ ಹಿಂದಿನ ಅಪ್ಲಿಕೇಶನ್ ಸರ್ವರಿನವರೆಗಿನ ಭಾಗ 1.1ರಲ್ಲೇ ಇರಲಿ. ಒಂದೇ ಯಂತ್ರದೊಳಗೆ ಅಥವಾ ಒಂದೇ ಜಾಲದೊಳಗೆ ಸುತ್ತಿನ ಸಮಯ ಒಂದು ಮಿಲಿಸೆಕೆಂಡಿಗೂ ಕಡಿಮೆ; ಅಲ್ಲಿ ಎಚ್‌ಟಿಟಿಪಿ/2ರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ, ಎಚ್‌ಟಿಟಿಪಿ/2ರ ಮೇಲೆಯೇ ನಡೆಯುವ ಜಿಆರ್‌ಪಿಸಿ ಬಳಸುವವರ ಮಾತು ಬೇರೆ. ನೋಡಬೇಕಾದದ್ದು ಇನ್ನೊಂದಿದೆ: ಎಂಜಿನ್‌ಎಕ್ಸ್ ಬಹುಕಾಲ ಹಿಂದಿನ ಸರ್ವರಿನೊಂದಿಗೆ ತಾನಾಗಿ 1.0ರಲ್ಲೇ ಮಾತನಾಡುತ್ತಿತ್ತು, ಪ್ರತಿ ಕೋರಿಕೆಗೂ ಹೊಸ ಸಂಪರ್ಕ ತೆರೆದು ಮುಚ್ಚುತ್ತಿತ್ತು. ಅಲ್ಲಿ 1.1 ಎಂದು ನಮೂದಿಸಿ ಕೀಪ್‌ಅಲೈವ್ (ಸಂಪರ್ಕವನ್ನು ಮುಚ್ಚದೆ ಮರುಬಳಸುವುದು) ಚಾಲೂ ಮಾಡಿ. ಮುಂದಿನ ಬಾಗಿಲಿನಲ್ಲಿ ಮಾಡಿದ ಬದಲಾವಣೆಗಿಂತ ಇದರ ಲಾಭವೇ ಹೆಚ್ಚಾಗಿ ಕಾಣಬಹುದು.

ಹಳೆಯ ಉಪಾಯಗಳಲ್ಲಿ ಕೆಲವನ್ನು ಬಿಚ್ಚಬೇಕು. ಆರು ಸಂಪರ್ಕಗಳ ಮಿತಿ ಮೀರಲೆಂದು ಚಿತ್ರಗಳನ್ನು ಮೂರು ನಾಲ್ಕು ಸಬ್‌ಡೊಮೇನ್‌ಗಳಿಗೆ ಹಂಚಿದ್ದರೆ, ಈಗ ಅದು ಪ್ರತಿ ಹೆಸರಿಗೂ ಹೊಸ ಡಿಎನ್‌ಎಸ್ ಹುಡುಕಾಟ ಮತ್ತು ಹೊಸ ಟಿಎಲ್‌ಎಸ್ ಮಾತುಕತೆಯನ್ನು ಹೇರುತ್ತದೆ. ಒಂದೇ ಹೆಸರಿಗೆ ತನ್ನಿ. ಆದರೆ ಜಾವಾಸ್ಕ್ರಿಪ್ಟ್ ಕಡತಗಳನ್ನು ಒಟ್ಟುಗೂಡಿಸುವುದನ್ನು ಪೂರ್ತಿ ಬಿಡಬೇಡಿ. ಇನ್ನು ಎಲ್ಲವನ್ನೂ ನೂರಾರು ತುಣುಕುಗಳಾಗಿಯೇ ಕಳಿಸಬಹುದು ಎಂದು 2015ರ ಸುಮಾರಿಗೆ ಉತ್ಸಾಹದಿಂದ ಹೇಳಿದವರು ಬಹಳ ಮಂದಿ. ದೊಡ್ಡ ಕಡತ ಚೆನ್ನಾಗಿ ಸಂಕುಚಿತವಾಗುತ್ತದೆ ಎಂಬ ಸಾಮಾನ್ಯ ಸಂಗತಿಯನ್ನು ಆಗ ಎಲ್ಲರೂ ಮರೆತಿದ್ದರು. ಸರ್ವರ್ ಪುಶ್ (ಬ್ರೌಸರ್ ಕೇಳುವ ಮೊದಲೇ ಕಡತ ಕಳಿಸುವುದು) ಬಗ್ಗೆ ಹಳೆಯ ಲೇಖನಗಳಲ್ಲಿ ಓದಿದ್ದರೆ ಅದನ್ನು ಅಲ್ಲಿಗೇ ಬಿಡಿ: ಕ್ರೋಮ್ 2022ರಲ್ಲಿ ಅದನ್ನು ನಿಲ್ಲಿಸಿತು, ಎಂಜಿನ್‌ಎಕ್ಸ್ 1.25.1ರಲ್ಲಿ ತೆಗೆದೇ ಹಾಕಿತು.

ಭದ್ರತೆಯ ದೃಷ್ಟಿಯಿಂದ, ಚಾಲೂ ಮಾಡುವ ಮೊದಲು ಸರ್ವರ್ ತಂತ್ರಾಂಶವನ್ನು ಇತ್ತೀಚಿನ ತಿದ್ದುಪಡಿಗಳವರೆಗೆ ತನ್ನಿ. 2023ರ ಅಕ್ಟೋಬರಿನಲ್ಲಿ ಬಹಿರಂಗವಾದ ‘ರ‍್ಯಾಪಿಡ್ ರೀಸೆಟ್’ ದಾಳಿ ಎಚ್‌ಟಿಟಿಪಿ/2ರ ಒಂದು ಸಭ್ಯ ಸೌಲಭ್ಯವನ್ನೇ ಬಳಸಿಕೊಂಡಿತ್ತು. ಕೋರಿಕೆ ಕಳಿಸಿದ ಮರುಕ್ಷಣವೇ ರದ್ದು ಮಾಡಿದರೆ ಆ ಸ್ಟ್ರೀಮ್ ಏಕಕಾಲಿಕ ಮಿತಿಯ ಲೆಕ್ಕದಿಂದ ಹೊರಬೀಳುತ್ತದೆ, ಆದರೆ ಸರ್ವರ್ ಅಷ್ಟರಲ್ಲಿ ಕೆಲಸ ಶುರು ಮಾಡಿರುತ್ತದೆ. ಗೂಗಲ್ ತಾನು ತಡೆದ ಇಂಥ ದಾಳಿಯಲ್ಲಿ ಸೆಕೆಂಡಿಗೆ 39.8 ಕೋಟಿ ಕೋರಿಕೆಗಳು ಬಂದವೆಂದು ತಿಳಿಸಿತ್ತು. ಎಂಜಿನ್‌ಎಕ್ಸ್‌ನಲ್ಲಿ ಸ್ಟ್ರೀಮ್‌ಗಳ ಮಿತಿ 128, ಒಂದು ಸಂಪರ್ಕದ ಒಟ್ಟು ಕೋರಿಕೆಗಳ ಮಿತಿ 1000 ಎಂಬ ಮೂಲ ಮೌಲ್ಯಗಳನ್ನು ಯಾರೋ ವೇಗಕ್ಕೆಂದು ಲಕ್ಷಗಳಿಗೆ ಏರಿಸಿಟ್ಟಿದ್ದರೆ ಅವನ್ನು ಕೆಳಗಿಳಿಸಿ.

ದೊಡ್ಡ ಕಡತಗಳನ್ನು ಬಳಕೆದಾರರು ಅಪ್‌ಲೋಡ್ ಮಾಡುವ ತಾಣವಾದರೆ ಬದಲಾವಣೆಯ ಮೊದಲೂ ನಂತರವೂ ಅದರ ವೇಗ ಅಳೆಯಿರಿ. ಎಚ್‌ಟಿಟಿಪಿ/2ರಲ್ಲಿ ಟಿಸಿಪಿಯ ಮೇಲೆ ಇನ್ನೊಂದು ಹರಿವು ನಿಯಂತ್ರಣವಿದೆ, ಅದರ ಆರಂಭಿಕ ಕಿಟಕಿ 65,535 ಬೈಟ್. ಸರ್ವರ್ ಅದನ್ನು ಹಿಗ್ಗಿಸದಿದ್ದರೆ, 100 ಮಿಲಿಸೆಕೆಂಡಿನ ಸುತ್ತಿಗೆ ಅಷ್ಟೇ ಬೈಟ್ ಹೋಗಲು ಸಾಧ್ಯ. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್, ಬಳಕೆದಾರರ ಬಳಿ ಎಷ್ಟೇ ವೇಗದ ಸಂಪರ್ಕವಿದ್ದರೂ.

ಈಗ ಎಚ್‌ಟಿಟಿಪಿ/3. ಇದರ ಪ್ರಮಾಣಕ 2022ರ ಜೂನಿನಲ್ಲಿ ಬಂತು. ಟಿಸಿಪಿಯನ್ನೇ ಬಿಟ್ಟು, ಕ್ರಮದ ಖಾತರಿಯಿಲ್ಲದ ಸರಳ ಸಾಗಣೆಯಾದ ಯುಡಿಪಿಯ ಮೇಲೆ ಕಟ್ಟಿದ ಕ್ವಿಕ್ ಎಂಬ ಸಾಗಣೆಯನ್ನು ಇದು ಬಳಸುತ್ತದೆ. ಒಂದು ಪ್ಯಾಕೆಟ್ ಕಳೆದರೆ ಆ ಸ್ಟ್ರೀಮ್ ಮಾತ್ರ ಕಾಯುತ್ತದೆ, ಉಳಿದವು ಸಾಗುತ್ತವೆ. ಮೇಲೆ ಹೇಳಿದ ಎಚ್‌ಟಿಟಿಪಿ/2ರ ದೌರ್ಬಲ್ಯಕ್ಕೆ ಉತ್ತರ ಇದು. ಟಿಸಿಪಿ ಮತ್ತು ಟಿಎಲ್‌ಎಸ್ 1.3 ಸೇರಿ ಎರಡು ಸುತ್ತು ಹಿಡಿಯುವ ಆರಂಭ ಇಲ್ಲಿ ಒಂದೇ ಸುತ್ತಿನಲ್ಲಿ ಮುಗಿಯುತ್ತದೆ. ಫೋನ್ ವೈಫೈಯಿಂದ ಮೊಬೈಲ್ ಜಾಲಕ್ಕೆ ಜಿಗಿದು ಐಪಿ ವಿಳಾಸ ಬದಲಾದರೂ ಸಂಪರ್ಕ ಉಳಿಯಬಲ್ಲದು, ಏಕೆಂದರೆ ಕ್ವಿಕ್ ಅದನ್ನು ವಿಳಾಸದಿಂದಲ್ಲ, ಗುರುತು ಸಂಖ್ಯೆಯಿಂದ ಅರಿಯುತ್ತದೆ. ಎಂಜಿನ್‌ಎಕ್ಸ್‌ನಲ್ಲಿ ಇದಕ್ಕೆ 2023ರ ಮೇ ತಿಂಗಳ 1.25.0 ಅಥವಾ ನಂತರದ ಆವೃತ್ತಿ ಬೇಕು. 443ನೇ ಪೋರ್ಟಿನಲ್ಲಿ ಕ್ವಿಕ್‌ಗಾಗಿ ಇನ್ನೊಂದು ‘ಲಿಸನ್’ ಸಾಲು, ಜೊತೆಗೆ ಎಚ್‌ಟಿಟಿಪಿ/3 ಲಭ್ಯವಿದೆ ಎಂದು ಬ್ರೌಸರಿಗೆ ತಿಳಿಸುವ ‘ಆಲ್ಟ್-ಎಸ್‌ವಿಸಿ’ ಹೆಡರ್. ಬ್ರೌಸರ್ ಸಾಮಾನ್ಯವಾಗಿ ಮೊದಲು ಟಿಸಿಪಿಯಲ್ಲೇ ಬರುತ್ತದೆ, ಆ ಹೆಡರ್ ಕಂಡ ಮೇಲೆ ಎಚ್‌ಟಿಟಿಪಿ/3ನ್ನು ಪ್ರಯತ್ನಿಸುತ್ತದೆ. ಎಂಜಿನ್‌ಎಕ್ಸ್‌ನ ಹಲವು ಪ್ರಕ್ರಿಯೆಗಳು ಒಂದೇ ಪೋರ್ಟನ್ನು ಹಂಚಿಕೊಳ್ಳಲು ಬಿಡುವ ‘ರೀಯೂಸ್‌ಪೋರ್ಟ್’ ಎಂಬ ಆಯ್ಕೆಯನ್ನು ಒಂದು ವಿಳಾಸ-ಪೋರ್ಟಿಗೆ ಒಂದೇ ಸಲ ಬರೆಯಬೇಕು; ಎಲ್ಲ ಸರ್ವರ್ ಬ್ಲಾಕ್‌ಗಳಲ್ಲೂ ನಕಲು ಮಾಡಿದರೆ ಎಂಜಿನ್‌ಎಕ್ಸ್ ಆರಂಭವಾಗಲು ಒಪ್ಪುವುದಿಲ್ಲ.

ಎಚ್‌ಟಿಟಿಪಿ/3ರ ದೊಡ್ಡ ತೊಡಕೆಂದರೆ ಅದು ಸದ್ದಿಲ್ಲದೆ ಸೋಲುತ್ತದೆ. ಫೈರ್‌ವಾಲ್‌ನಲ್ಲಿ 443 ತೆರೆದಿದೆ ಎಂದು ನೀವು ಭಾವಿಸುತ್ತೀರಿ, ಆದರೆ ತೆರೆದಿರುವುದು ಟಿಸಿಪಿಗೆ ಮಾತ್ರ. ಬ್ರೌಸರ್ ಯುಡಿಪಿಯಲ್ಲಿ ಪ್ರಯತ್ನಿಸಿ, ಉತ್ತರ ಬರದೆ, ಎಚ್‌ಟಿಟಿಪಿ/2ಕ್ಕೆ ಮರಳುತ್ತದೆ. ತಾಣ ಚೆನ್ನಾಗಿಯೇ ನಡೆಯುತ್ತದೆ, ಯಾರೂ ದೂರುವುದಿಲ್ಲ, ಎಚ್‌ಟಿಟಿಪಿ/3 ಚಾಲೂ ಇದೆ ಎಂದು ನೀವು ತಿಂಗಳುಗಟ್ಟಲೆ ನಂಬಿರುತ್ತೀರಿ. ಆದ್ದರಿಂದ ಲಾಗ್‌ನ ನಮೂನೆಗೆ ಪ್ರೋಟೊಕಾಲಿನ ಆವೃತ್ತಿಯನ್ನು ಸೇರಿಸಿ, ಎಷ್ಟು ಕೋರಿಕೆಗಳು ಯಾವುದರಲ್ಲಿ ಬಂದವು ಎಂದು ಎಣಿಸಿ. ಬ್ರೌಸರಿನ ಡೆವಲಪರ್ ಸಾಧನದ ನೆಟ್‌ವರ್ಕ್ ಪಟ್ಟಿಯಲ್ಲಿ ‘ಪ್ರೋಟೊಕಾಲ್’ ಎಂಬ ಅಂಕಣವನ್ನು ತೋರಿಸುವಂತೆ ಮಾಡಿದರೆ ಪ್ರತಿ ಕಡತದ ಮುಂದೆಯೂ ಅದು ಕಾಣುತ್ತದೆ. ಮೊದಲ ಭೇಟಿಯಲ್ಲಿ ಎಚ್‌ಟಿಟಿಪಿ/2 ಎಂದೇ ಇದ್ದರೆ ಗಾಬರಿ ಬೇಡ, ಪುಟವನ್ನು ಮತ್ತೆ ತೆರೆದು ನೋಡಿ.

ಹಿಂದೆ ಸರಿಯುವ ದಾರಿ ಎರಡರಲ್ಲೂ ಬೇರೆಬೇರೆ. ಎಚ್‌ಟಿಟಿಪಿ/2ನ್ನು ಆಫ್ ಮಾಡಿ ರೀಲೋಡ್ ಮಾಡಿದರೆ ಹೊಸ ಸಂಪರ್ಕಗಳೆಲ್ಲ 1.1ಕ್ಕೆ ಮರಳುತ್ತವೆ. ಎಚ್‌ಟಿಟಿಪಿ/3 ಹಾಗಲ್ಲ: ‘ಆಲ್ಟ್-ಎಸ್‌ವಿಸಿ’ ಹೆಡರಿನಲ್ಲಿ ಬರೆದ ಅವಧಿಯವರೆಗೆ ಬ್ರೌಸರ್ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಎಲ್ಲರೂ ನಕಲು ಮಾಡುವ ಉದಾಹರಣೆಯಲ್ಲಿ ಆ ಅವಧಿ 86400 ಸೆಕೆಂಡ್, ಅಂದರೆ ಇಡೀ ಒಂದು ದಿನ. ನೀವು 300 ಸೆಕೆಂಡಿನಿಂದ ಆರಂಭಿಸಿ, ಎರಡು ವಾರ ಲಾಗ್ ನೋಡಿ, ಆಮೇಲೆ ಏರಿಸಿ. ನಿಲ್ಲಿಸಬೇಕಾದರೆ ಮೊದಲು ಅದೇ ಹೆಡರಿನಲ್ಲಿ ‘ಕ್ಲಿಯರ್’ ಎಂಬ ಮೌಲ್ಯ ಕಳಿಸಲು ಶುರು ಮಾಡಿ, ಹಳೆಯ ಅವಧಿ ಕಳೆಯುವವರೆಗೆ ಕಾದು, ಅದರ ನಂತರವೇ ಯುಡಿಪಿ ಪೋರ್ಟನ್ನು ಮುಚ್ಚಿ.